ಡಯಾಲಿಸಿಸ್ ಬೇಡಿಕೆ ಗ್ರಾಮಸಭೆಯ ನಡಾವಳಿಗೆ ಬರಲಿ

ಕೇಳುಗರಿಗೆ ನಮಸ್ಕಾರ. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಶುದ್ಧೀಕರಿಸುವ ಚಿಕಿತ್ಸೆಯೇ ಡಯಾಲಿಸಿಸ್.

2016ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಿಪಿಎಲ್ ಕುಟುಂಬದವರಿಗೆ ಉಚಿತ ಡಯಾಲಿಸಿಸ್ ದೊರೆಯುವಂತಾಯಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದಿವೆ. ಆದರೆ ಯಂತ್ರ ಬಂದ ಮಾತ್ರಕ್ಕೆ ಚಿಕಿತ್ಸೆಯೂ ಬಂದಿತೆಂದು ತಿಳಿಯಲಾಗದು. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ನೀರಿನ ಘಟಕ ಕೆಟ್ಟರೆ ಸಾಲಿನಲ್ಲಿರುವ ಯಂತ್ರಗಳೆಲ್ಲ ನಿಲ್ಲುತ್ತವೆ, ತಂತ್ರಜ್ಞರ ಹುದ್ದೆ ಖಾಲಿ ಇದ್ದರೂ ಅದೇ ಗತಿ. ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ ನಡೆಯಬೇಕಾದ ಚಿಕಿತ್ಸೆ ತಪ್ಪುತ್ತ ಹೋದಂತೆ ರೋಗಿಯ ಕಾಲು ಊದಿ, ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರಾಡುವುದೇ ಕಷ್ಟವಾಗುತ್ತದೆ. ಆದ್ದರಿಂದ ಎಷ್ಟು ಯಂತ್ರಗಳಿವೆ ಎಂಬ ಲೆಕ್ಕಕ್ಕಿಂತ ಅವು ಎಷ್ಟು ದಿನ ನಿಂತಿದ್ದವು, ಏಕೆ ನಿಂತಿದ್ದವು ಎಂಬ ಲೆಕ್ಕವನ್ನೇ ನಾವು ಕೇಳಬೇಕು.

ದಾರಿಯ ಖರ್ಚಂತೂ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮೈಸೂರು ಜಿಲ್ಲೆಯ ಕಾಡಂಚಿನ ಡಿ.ಬಿ. ಕುಪ್ಪೆಯ ಕಡೆಯಿಂದ ತಾಲ್ಲೂಕು ಕೇಂದ್ರ ಎಚ್.ಡಿ. ಕೋಟೆಗೆ ಬರುವ ಕೂಲಿಕಾರನ ಜೊತೆಗೆ ಮನೆಯವರೊಬ್ಬರು ಬರಲೇಬೇಕು. ಅಂದು ಇಬ್ಬರ ಕೂಲಿಯೂ ಹೋಯಿತು. ಇಂಥವರಲ್ಲಿ ಕೆಲವರಿಗಾದರೂ ಮನೆಯಲ್ಲಿಯೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಒಪ್ಪುತ್ತದೆ. ಕೇಂದ್ರವು 2019ರಲ್ಲಿ ಅದಕ್ಕೂ ಮಾರ್ಗಸೂಚಿ ಹೊರಡಿಸಿದೆ. ಎಲ್ಲರಿಗೂ ಹೊಂದದ ವಿಧಾನವದು, ಶುಚಿತ್ವದಲ್ಲಿ ಸ್ವಲ್ಪ ತಪ್ಪಿದರೂ ಸೋಂಕು ತಗಲುತ್ತದೆ. ಆದರೂ ದೂರದ ಊರಿನವರಿಗೆ ಅದನ್ನು ಆಯ್ದುಕೊಳ್ಳುವ ಅವಕಾಶವಿರಬೇಕು.

ಇನ್ನು ರೋಗ ತಡೆಯುವ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೇ ಮೂತ್ರಪಿಂಡ ಕೆಡಲು ಮುಖ್ಯ ಕಾರಣಗಳು. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ದುಡಿದು ಬಂದವರು ಮೈಕೈ ನೋವಿಗೆಂದು ವೈದ್ಯರನ್ನು ಕೇಳದೆ ವರ್ಷಗಟ್ಟಲೆ ಮಾತ್ರೆ ನುಂಗುವುದೂ ಅಪಾಯಕಾರಿ. ಸಕ್ಕರೆ ಕಾಯಿಲೆಯವರಿಗೆಲ್ಲ ವರ್ಷಕ್ಕೊಮ್ಮೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ತಪ್ಪದೆ ಮಾಡಿಸಬೇಕೆಂಬುದು ನಮ್ಮ ಮೊದಲ ಬೇಡಿಕೆಯಾಗಬೇಕು.

ಇದನ್ನು ಕೇಳುವುದಾದರೂ ಎಲ್ಲಿ? ಶಾಸಕರ ಮನೆ ಬಾಗಿಲಲ್ಲಿ ಕೊಟ್ಟ ಮನವಿ ಎಷ್ಟೋ ಸಲ ಅಲ್ಲಿಯೇ ಉಳಿಯುತ್ತದೆ. ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಅಲ್ಲಿ ರೋಗಿಗಳ ಮನೆಯವರೂ ಆಶಾ ಕಾರ್ಯಕರ್ತೆಯರೂ ಒಟ್ಟಾಗಿ ಎದ್ದುನಿಂತು, ಬೇಡಿಕೆಯನ್ನು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳುಹಿಸಬೇಕು. ಯಂತ್ರಗಳು ನಿಂತ ದಿನಗಳ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕಾಗುತ್ತದೆ. ಅರ್ಜಿಯ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರು ಅದನ್ನೂ ಕೊಡಬೇಕಾಗಿಲ್ಲ.