ಬೇಸಿಗೆ ರಜೆಯಲ್ಲಿ ಲ್ಯಾಕ್ರೋಸ್: ಆಡಲು ಬಿಡಬೇಕು, ಆದರೆ ಹೇಗೆ?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಹೈಸ್ಕೂಲುಗಳಲ್ಲಿ ಲ್ಯಾಕ್ರೋಸ್ ವಸಂತಕಾಲದ ಆಟ. ಫೆಬ್ರವರಿ, ಮಾರ್ಚಿನಲ್ಲಿ ಶುರುವಾದರೆ ಮೇ ಕೊನೆಗೋ ಜೂನ್ ಮೊದಲಿಗೋ ಸೀಸನ್ ಮುಗಿಯುತ್ತದೆ. ನಮ್ಮೂರಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಬೇಸಿಗೆ ರಜೆ. ಆ ರಜೆಯಲ್ಲಿ ಶಾಲೆಯ ತಂಡ ತನ್ನ ಕೋಚ್ ಜೊತೆ ಆಡಬಹುದೇ ಎನ್ನುವುದಕ್ಕೆ ದೇಶಕ್ಕೆಲ್ಲ ಒಂದೇ ಉತ್ತರವಿಲ್ಲ. ಆಯಾ ರಾಜ್ಯದ ಶಾಲಾ ಕ್ರೀಡಾ ಸಂಘ ಬರೆದದ್ದೇ ಕಾನೂನು. ಮಕ್ಕಳನ್ನು ಅಲ್ಲಿ ಓದಿಸುತ್ತಿರುವ ಕನ್ನಡಿಗರು ಪಕ್ಕದ ರಾಜ್ಯದ ಸ್ನೇಹಿತರ ಮಾತು ನಂಬಿ ಟಿಕೆಟ್ ಬುಕ್ ಮಾಡಬಾರದು.

ಆಟ ನೋಡದವರಿಗೆ ಎರಡು ಮಾತು. ಇದು ಹಾಡೆನೊಶೋನಿ ಮತ್ತಿತರ ಮೂಲನಿವಾಸಿಗಳಿಂದ ಬಂದ ಆಟ. ಕೋಲಿನ ತುದಿಗೆ ಬಲೆಯ ಚೀಲ, ಅದರಲ್ಲಿ ಚೆಂಡು, ಎದುರಿಗೆ 6 ಅಡಿ ಚೌಕದ ಗೋಲು. ಹುಡುಗರ ಆಟದಲ್ಲಿ ಕಡೆಗೆ 10 ಜನ. ಗಟ್ಟಿ ರಬ್ಬರಿನ ಚೆಂಡು ಸುಮಾರು 145 ಗ್ರಾಂ ತೂಗುತ್ತದೆ, ಕ್ರಿಕೆಟ್ ಚೆಂಡಿಗಿಂತ ತುಸು ಹಗುರ. ಅದರ ಏಟು ತಡೆಯಲು ಹೆಲ್ಮೆಟ್ಟು, ಭುಜದ ಪ್ಯಾಡು, ದಪ್ಪ ಗ್ಲೌಸು. ಇಷ್ಟನ್ನೂ ತೊಟ್ಟು ಜುಲೈ ಬಿಸಿಲಲ್ಲಿ ಓಡಬೇಕು. ತೊಡಕಿರುವುದು ಅಲ್ಲೇ.

ರಜೆಯಲ್ಲಿ ಶಾಲೆ ಆಡಿಸುವುದು ಬೇಡವೆಂದರೆ ಆಟ ನಿಲ್ಲುತ್ತದೆಯೇ? ಇಲ್ಲ, ದುಡ್ಡು ಕೊಟ್ಟು ಸೇರುವ ಕ್ಲಬ್ಬಿಗೆ ಹೋಗುತ್ತದೆ. ಕಾಲೇಜು ಕೋಚ್‌ಗಳು ಆಟಗಾರರನ್ನು ನೋಡುವುದು ಹೆಚ್ಚಾಗಿ ಬೇಸಿಗೆಯ ಕ್ಲಬ್ ಪಂದ್ಯಾವಳಿಗಳಲ್ಲಿ. 2017ರಲ್ಲಿ ಬಂದ ನಿಯಮದಂತೆ 11ನೇ ತರಗತಿಯ ಸೆಪ್ಟೆಂಬರ್ 1ರವರೆಗೆ ಮೇಲ್ದರ್ಜೆಯ ಡಿವಿಷನ್ 1 ಕಾಲೇಜುಗಳ ಕೋಚ್‌ಗಳು ಹುಡುಗರೊಡನೆ ಪ್ರವೇಶದ ಮಾತು ಆಡುವಂತಿಲ್ಲ. ಹಾಗಾಗಿ 10ನೇ ತರಗತಿ ಮುಗಿದ ರಜೆಗೆ ಎಲ್ಲಿಲ್ಲದ ಬೆಲೆ. ಕ್ಲಬ್ಬಿನ ಶುಲ್ಕ, ಹೋಟೆಲು, ಪ್ರಯಾಣ ಭರಿಸಲಾಗದ ಮನೆಯ ಹುಡುಗ ಮೇ ತಿಂಗಳಲ್ಲೇ ಕೋಲು ಮೂಲೆಗಿಡುತ್ತಾನೆ. ಶಾಲೆಗೆ ಅನುಮತಿ ಬೇಕೆನ್ನುವುದು ಅವನಿಗಾಗಿ.

ಆದರೆ ಷರತ್ತಿಲ್ಲದ ಅನುಮತಿ ಬೇಡ. 'ಇಷ್ಟವಿದ್ದವರು ಬನ್ನಿ' ಎಂಬ ಮಾತು ಬಹಳ ಬೇಗ 'ಬರದಿದ್ದರೆ ನೋಡ್ಕೋತೀನಿ' ಆಗಿಬಿಡುತ್ತದೆ. ಹಾಜರಿ ಪುಸ್ತಕ ಮಾರ್ಚಿನ ಆಯ್ಕೆಯ ದಿನ ಮೇಜಿನ ಮೇಲೆ ಕಂಡರೆ ಅದು ಐಚ್ಛಿಕವಲ್ಲ. ಗಾಯವಾದರೆ ಯಾರ ವಿಮೆ ಎಂಬುದನ್ನೂ ಮೊದಲೇ ಕೇಳಿ, ಶಾಲೆಯ ವಿಮೆ ಸೀಸನ್ನಿಗಷ್ಟೇ ಇರಬಹುದು. ಆಗಸ್ಟಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡಗಳು ಅಭ್ಯಾಸಕ್ಕಿಳಿಯುವುದರಿಂದ ಲ್ಯಾಕ್ರೋಸ್ ಜುಲೈಗೇ ಮುಗಿಯಲಿ.

ಆಡುವುದಾದರೂ ಪೂರ್ತಿ ಹತ್ತು ಹತ್ತು ಜನರ ಪಂದ್ಯವೇ ಆಗಬೇಕೆಂದಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬರುತ್ತಿರುವ ಸಿಕ್ಸಸ್ ಆಟ ಬೇಸಿಗೆಗೆ ಹೇಳಿ ಮಾಡಿಸಿದಂತಿದೆ: ಕಡೆಗೆ 6 ಜನ, 70 ಮೀಟರ್ ಉದ್ದ, 36 ಮೀಟರ್ ಅಗಲದ ಅಂಗಳ, 8 ನಿಮಿಷದ 4 ಭಾಗ. ರಜೆಗೆ ಊರು ಬಿಟ್ಟವರು ಎಷ್ಟೇ ಇದ್ದರೂ 12 ಜನ ಸಿಗುತ್ತಾರೆ. ಓಟ ಮಾತ್ರ ಎಡೆಬಿಡದ್ದು, ಬದಲಿ ಆಟಗಾರರು ಕಾದಿರಬೇಕು.

ಸಾಮಾನಿನ ವಿಷಯ. ರಜೆಯಲ್ಲಿ ಅಣ್ಣನ ಹಳೇ ಪ್ಯಾಡು ಅಟ್ಟದಿಂದ ಇಳಿಯುತ್ತದೆ. ಎದೆಗೆ ಚೆಂಡು ಬಡಿದು ಹೃದಯದ ಬಡಿತವೇ ತಪ್ಪುವ ಅಪಾಯವಿರುವುದರಿಂದ, ಹೈಸ್ಕೂಲು ಹುಡುಗರಿಗೆಲ್ಲ 2022ರಿಂದ ನೋಕ್ಸೇ (ಕ್ರೀಡಾ ಸಾಮಾನಿನ ಸುರಕ್ಷತಾ ಮಾನದಂಡ ಬರೆಯುವ ಸಂಸ್ಥೆ) ಎನ್‌ಡಿ200 ಗುರುತಿನ ಎದೆಗಾಪು ಕಡ್ಡಾಯ. ಗುರುತಿಲ್ಲದ ಪ್ಯಾಡು ತಿರುಗಿ ಅಟ್ಟಕ್ಕೇ ಹೋಗಲಿ. ಮಳೆಯಲ್ಲಿ ನೆಂದ ಬಲೆ ಜೋಲುವುದು ಇನ್ನೊಂದು ಕಾಟ. ಕೋಲನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಚೆಂಡು ಹಾಕಿ ನೋಡಿ: ಪಕ್ಕದ ಪ್ಲಾಸ್ಟಿಕ್ ಅಂಚಿನ ಕೆಳಗೆ, ಚೆಂಡಿನ ನೆತ್ತಿಯ ಮೇಲೆ ಬೆಳಕು ಕಂಡರೆ ಚೀಲ ಆಳವಾಗಿದೆ, ಕೋಲು ನಿಯಮಬಾಹಿರ. ದಾರ ಬಿಗಿಯಬೇಕು.

ಈಗ ಶಾಖ. ನೆರಳಿನ ಥರ್ಮಾಮೀಟರು ಇಲ್ಲಿ ಸಾಲದು. ಗಾಳಿಯ ಶಾಖ, ತೇವ, ಬಿಸಿಲು ಮೂರನ್ನೂ ಕೂಡಿಸಿ ಹೇಳುವ ವೆಟ್ ಬಲ್ಬ್ ಗ್ಲೋಬ್ ಎಂಬ ಅಳತೆ ಬೇಕು. ಅದರಲ್ಲಿ ಒದ್ದೆ ಬಲ್ಬಿನ ಪಾಲು 70, ಬಿಸಿಲಿಗಿಟ್ಟ ಕರಿಗೋಳದ್ದು 20, ಬರಿಯ ಗಾಳಿಯದು 10 ಪ್ರತಿಶತ. ಬೆವರು ಆರದ ದಿನವೇ ಆಪತ್ತು ಎಂಬುದಕ್ಕೆ ಈ ಲೆಕ್ಕ. ಜಾರ್ಜಿಯಾ ರಾಜ್ಯದ ಪಟ್ಟಿ ಮಾದರಿಯಾಗಬಹುದು: ಈ ಅಳತೆ 87 ಫ್ಯಾರನ್‌ಹೀಟ್ ಮುಟ್ಟಿದರೆ ಅಭ್ಯಾಸ 2 ಗಂಟೆ ದಾಟುವಂತಿಲ್ಲ, ಗಂಟೆಗೆ 4 ವಿರಾಮ, ಒಂದೊಂದೂ 4 ನಿಮಿಷ. 90ರಿಂದ 92ರ ನಡುವೆ ಒಂದೇ ಗಂಟೆ, ಪ್ಯಾಡು ತೊಡುವಂತಿಲ್ಲ. 92 ಮೀರಿದರೆ ಬಯಲಲ್ಲಿ ಅಭ್ಯಾಸವೇ ಇಲ್ಲ. ಪ್ಯಾಡಿಲ್ಲದೆ ಲ್ಯಾಕ್ರೋಸ್ ಎಂದರೆ ಬರೀ ಎಸೆಯುವುದು, ಹಿಡಿಯುವುದು. ಗೋಲಿಗೆ ಹೊಡೆಯುವುದು ಬೇಡ. ಕೃತಕ ಹುಲ್ಲಿನ ಮೈದಾನವಾದರೆ ಅಳತೆಯನ್ನು ಅದರ ನಡುವೆಯೇ ತೆಗೆದುಕೊಳ್ಳಿ, ಮರದ ಕೆಳಗಲ್ಲ.

ಮೈ ಶಾಖಕ್ಕೆ ಹೊಂದಿಕೊಳ್ಳಲು ಸುಮಾರು 14 ದಿನ ಬೇಕು. ಮೊದಲ 2 ದಿನ ಹೆಲ್ಮೆಟ್ ಮಾತ್ರ, 3ರಿಂದ 5ರವರೆಗೆ ಭುಜದ ಪ್ಯಾಡೂ ಸೇರಲಿ, ಪೂರ್ತಿ ತೊಡುಗೆ 6ನೇ ದಿನದಿಂದ. ನಡುವೆ ಮೂರು ವಾರ ಊರಿಗೆ ಹೋಗಿ ಬಂದವನು ಮತ್ತೆ ಮೊದಲಿನಿಂದ ಶುರುಮಾಡಬೇಕು.

ಯಾರಿಗಾದರೂ ಶಾಖಾಘಾತವಾದರೆ ಬೇಕಾಗುವ ತಣ್ಣೀರಿನ ತೊಟ್ಟಿಯನ್ನು ಅಭ್ಯಾಸಕ್ಕೆ ಮುಂಚೆಯೇ ತುಂಬಿಸಿಡಿ, ಐಸ್ ಪಕ್ಕದಲ್ಲಿರಲಿ. ಹುಡುಗ ತೊದಲಿದರೆ, ದಾರಿ ತಪ್ಪಿದಂತೆ ನಡೆದರೆ ಆಂಬ್ಯುಲೆನ್ಸಿಗೆ ಫೋನ್ ಮಾಡುತ್ತಲೇ ಅವನನ್ನು ಕುತ್ತಿಗೆಯವರೆಗೆ ಮುಳುಗಿಸಿ, ನೀರು ಕಲಕುತ್ತಿರಿ, ತಲೆ ನೀರಿಗೆ ಜಾರದಂತೆ ಒಬ್ಬರು ಹಿಡಿದಿರಲಿ. ಮೊದಲು ತಣಿಸುವುದು, ಸಾಗಿಸುವುದು ಆಮೇಲೆ. ಅರ್ಧ ಗಂಟೆಯೊಳಗೆ ಮೈಯ ಶಾಖ ಇಳಿಯಬೇಕು. ಗುದದ ಥರ್ಮಾಮೀಟರಿನಲ್ಲಿ 102 ಫ್ಯಾರನ್‌ಹೀಟ್ ಕಂಡ ಮೇಲೆ ಎತ್ತಬಹುದು. ಬಾಯಿಯ, ಹಣೆಯ ಅಳತೆ ಇಲ್ಲಿ ಮೋಸ ಮಾಡುತ್ತದೆ.