ನಿನ್ನೆ ಚೆನ್ನಾಗಿದ್ದವರು ಇವತ್ತು ಹೀಗೇಕಾದರು?

ಎಲ್ಲರಿಗೂ ನಮಸ್ಕಾರ. ಇವತ್ತು ಸೆಪ್ಟೆಂಬರ್ 21, ಅಲ್ಝೈಮರ್ ದಿನ ಅಂತ ಮೈಸೂರಿನ ಕುವೆಂಪುನಗರದ ಹಿರಿಯರು ನನ್ನನ್ನು ಕರೆದಿದ್ದಾರೆ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಹೇಗಿರುತ್ತದೆ ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಅಪ್ಪನನ್ನೋ, ಅತ್ತೆಯನ್ನೋ, ಗಂಡನನ್ನೋ ನೋಡಿಕೊಳ್ಳುತ್ತಿರುವವರೇ ಇಲ್ಲಿ ಜಾಸ್ತಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಡಿಮೆನ್ಷಿಯಾ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಕಾಯಿಲೆ, ಅದರದು ತಿಂಗಳು, ವರ್ಷಗಳ ಲೆಕ್ಕ. ಒಂದೆರಡು ದಿನದಲ್ಲಿ ಮನುಷ್ಯ ಬದಲಾಗಿಬಿಟ್ಟರೆ 'ಕಾಯಿಲೆ ಜಾಸ್ತಿಯಾಯಿತು' ಅಂತ ಸುಮ್ನೆ ಕೂರಬೇಡಿ. ಮೈಯಲ್ಲಿ ಏನೋ ಆಗಿದೆ. ಅದೇ ದಿನ ಹುಡುಕಿಸಿ.

ಪಾಂಡವಪುರದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಅಜ್ಜಿಯನ್ನು ಕರೆದುಕೊಂಡು ಬಂದಿದ್ದರು. ಮರೆವು ಶುರುವಾಗಿ ಕೆಲವು ವರ್ಷ ಆಗಿತ್ತು. ಆದರೂ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಹುಳ ಇರುವ ಕಾಳನ್ನು ಸರಿಯಾಗಿ ಬೇರೆ ಹಾಕುತ್ತಿದ್ದರು. ಮಗ ಬಂದವನೇ, "ಸಾ, ನಮ್ಮವ್ವಂಗೆ ತಲೆ ಪೂರ್ತಿ ಕೆಟ್ಟೋಯ್ತು, ಮೊನ್ನೆಗಂಟ ನನ್ನ ಹೆಸರಿಡ್ದು ಕರೀತಿದ್ಲು" ಅಂದ. ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ಬೆರಳುಗಳು ಸೀರೆ ಸೆರಗಿನಲ್ಲಿ ಇಲ್ಲದ ಏನನ್ನೋ ಆಯುತ್ತಲೇ ಇದ್ದವು. ಮಧ್ಯೆ ಮಧ್ಯೆ, "ಕರು ಕಟ್ರೋ, ಹಾಲೆಲ್ಲ ಕುಡ್ಕಂಬುಡ್ತದೆ" ಅನ್ನುತ್ತಿದ್ದರು. ಮನೆಯಲ್ಲಿ ಹಸು ಮಾರಿ ಎಷ್ಟೋ ಕಾಲ ಆಗಿತ್ತಂತೆ. ಜ್ವರ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ವಯಸ್ಸಾದವರಲ್ಲಿ ಎಷ್ಟೋ ಸಲ ಸೋಂಕು ಇದ್ದರೂ ಮೈ ಬಿಸಿಯಾಗುವುದಿಲ್ಲ. ಮೊದಲು ತೋರಿಸಿದ ಕಡೆ ನಿದ್ದೆ ಮಾತ್ರೆ ಕೊಟ್ಟಿದ್ದರು, ಗಲಾಟೆ ಇನ್ನೂ ಜಾಸ್ತಿಯಾಗಿತ್ತು.

ಸುಳಿವು ಸಿಕ್ಕಿದ್ದು ಸೊಸೆಯಿಂದ. ಬಾಗಿಲ ಹತ್ತಿರ ನಿಂತಿದ್ದ ಆ ಹೆಣ್ಣುಮಗಳು ಸಂಕೋಚದಲ್ಲೇ ಹೇಳಿದಳು: "ಮೂರು ದಿನದಿಂದ ಸೀರೆ ಒದ್ದೆ ಮಾಡ್ಕತಾವ್ರೆ ಸಾ, ಉರಿ ಉರಿ ಅಂತಾರೆ. ರಾತ್ರಿ ಎದ್ದೋಗಕ್ಕೆ ಮಂಡಿ ನೋವು ಅಂತ ನೀರೇ ಬುಟ್ಬುಟ್ಟವ್ರೆ." ನಿಜವಾದ ರೋಗನಿರ್ಣಯ ಮಾಡಿದ್ದು ಅವಳೇ, ನಾನಲ್ಲ. ಮೂತ್ರದ ಸೋಂಕು, ಮೈಯಲ್ಲಿ ನೀರಿಲ್ಲ, ರಕ್ತದಲ್ಲಿ ಸೋಡಿಯಂ ಏರುಪೇರು. ಚಿಕಿತ್ಸೆ ಕೊಟ್ಟು, ನಿದ್ದೆ ಮಾತ್ರೆ ನಿಲ್ಲಿಸಿದ ಮೇಲೆ ಅಜ್ಜಿ ಮಗನನ್ನು ಮತ್ತೆ ಹೆಸರಿಡಿದು ಕರೆದರು. ಆದರೆ ಪೂರ್ತಿ ಮೊದಲಿನಂತೆ ಆಗಲಿಲ್ಲ. ಅವರೆಕಾಯಿ ಸುಲಿಯುತ್ತಿದ್ದರು, ಹುಳದ ಕಾಳು ಬೇರೆ ಹಾಕುವುದು ಮಾತ್ರ ಹೋಗಿಬಿಟ್ಟಿತು. ಇನ್ನೂ ಬೇಗ ಕರೆದುಕೊಂಡು ಬಂದಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮೂತ್ರಕೋಶ ಎಲ್ಲಿ, ಮಿದುಳು ಎಲ್ಲಿ? ಸಂಬಂಧ ಏನು ಅಂತ ನೀವು ಕೇಳಬೇಕು. ನಮ್ಮ ಮಿದುಳಿನಲ್ಲಿ ನರಕೋಶಗಳ ಜೊತೆಗೆ ಮೈಕ್ರೋಗ್ಲಿಯಾ ಅನ್ನುವ ಕೋಶಗಳಿವೆ. ಸ್ಪೇನಿನ ರಿಯೋ-ಒರ್ತೇಗಾ 1919ರಲ್ಲಿ ಇವನ್ನು ಗುರುತಿಸಿದರು. ಕಸ ಗುಡಿಸುವುದು, ಸೋಂಕು ಬಂದರೆ ಹೋರಾಡುವುದು ಇವುಗಳ ಕೆಲಸ. ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನು ಗಂಟು ಗಂಟಾಗಿ ಕೂರುತ್ತದೆ, ಇವು ಅದರ ಸುತ್ತ ಸೇರಿಕೊಳ್ಳುತ್ತವೆ. ಮೊದಮೊದಲು ಅದು ಒಳ್ಳೆಯದೇ. ಆದರೆ ಕಸ ಮುಗಿಯುವುದಿಲ್ಲ, ಇವುಗಳ ಸಿಟ್ಟೂ ಇಳಿಯುವುದಿಲ್ಲ. ಮಂಡ್ಯದವರಿಗೆ ಆಲೆಮನೆ ಒಲೆ ಗೊತ್ತಲ್ವಾ? ಮೇಲೆ ಬೂದಿ, ಒಳಗೆ ಕೆಂಡ. ಒಂದು ಹಿಡಿ ಒಣ ಕಬ್ಬಿನ ಸಿಪ್ಪೆ ಬಿದ್ದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಮೈಯಲ್ಲಿ ಸೋಂಕಾದಾಗ ರಕ್ತದಲ್ಲಿ ಓಡಾಡುವ ಉರಿಯೂತದ, ಅಂದರೆ ಸೋಂಕಿನ ವಿರುದ್ಧ ಮೈ ಕೆರಳುವುದರ, ಸಂದೇಶಗಳು ಮಿದುಳಿಗೆ ಮುಟ್ಟುತ್ತವೆ. ನಮ್ಮ ನಿಮ್ಮ ಮಿದುಳಾದರೆ ಸ್ವಲ್ಪ ಮಂಕಾಗುತ್ತದೆ, ಮಲಗಬೇಕು ಅನ್ನಿಸುತ್ತದೆ. ಮೊದಲೇ ಸಿಟ್ಟಾಗಿರುವ ಮೈಕ್ರೋಗ್ಲಿಯಾ ಇರುವ ಮಿದುಳಿನಲ್ಲಿ ದೊಡ್ಡ ರಂಪವೇ ಆಗುತ್ತದೆ.

ಆ ರಂಪದಲ್ಲಿ ಇವು ಬಿಡುವ ಅಸ್ತ್ರಗಳಲ್ಲಿ ಒಂದು, ತುಂಬಾ ಚುರುಕಾದ ಆಮ್ಲಜನಕದ ಕಣಗಳು. ಆಕ್ಸಿಡೇಟಿವ್ ಸ್ಟ್ರೆಸ್ ಅಂತ ನೀವು ವಾಟ್ಸಾಪಿನಲ್ಲಿ ಓದಿರುತ್ತೀರಲ್ಲ, ಅದು ಇದೇ. ಮಿದುಳು ಮೈತೂಕದಲ್ಲಿ ಸುಮಾರು ಶೇಕಡಾ 2 ಮಾತ್ರ, ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಶೇಕಡಾ 20ರಷ್ಟು ಅದಕ್ಕೇ ಬೇಕು. ಮೇಲಾಗಿ ಅದರಲ್ಲಿ ಕೊಬ್ಬು ಜಾಸ್ತಿ, ಆ ಕೊಬ್ಬು ಬೇಗ ಕೆಡುವಂಥದ್ದು. ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾಕ್ಕೆ ಏಟು ಬಿದ್ದರೆ ಅದರಿಂದ ಇನ್ನಷ್ಟು ಅಂಥ ಕಣಗಳು ಸೋರುತ್ತವೆ, ಅದನ್ನು ನೋಡಿ ಮೈಕ್ರೋಗ್ಲಿಯಾ ಮತ್ತೆ ಕೆರಳುತ್ತವೆ. ಒಂದನ್ನೊಂದು ಎತ್ತಿಕಟ್ಟುವ ಕೆಲಸ ನಡೆಯುತ್ತಲೇ ಇರುತ್ತದೆ.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್ ತಂಡ ಸುಮಾರು 300 ಅಲ್ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿ 2009ರಲ್ಲಿ ವರದಿ ಪ್ರಕಟಿಸಿತು. ಸೋಂಕು, ಗಾಯದಂಥ ತೊಂದರೆ ಆದವರಲ್ಲಿ ಬುದ್ಧಿಶಕ್ತಿ ಕುಸಿಯುವ ವೇಗ ಸುಮಾರು ಎರಡರಷ್ಟಿತ್ತು. 2013ರಲ್ಲಿ ಟ್ರೆಮ್2 ಅನ್ನುವ ವಂಶವಾಹಿಯ ವಿಷಯ ಹೊರಬಂತು. ಅದು ಮೈಕ್ರೋಗ್ಲಿಯಾದ್ದೇ ವಂಶವಾಹಿ, ಅದರಲ್ಲಿ ಒಂದು ಬಗೆಯ ದೋಷ ಇದ್ದವರಿಗೆ ಅಲ್ಝೈಮರ್ ಬರುವ ಸಾಧ್ಯತೆ ಜಾಸ್ತಿ.

ಹಾಗಾದರೆ ಉರಿಯೂತಕ್ಕೆ ಮಾತ್ರೆ ನುಂಗಿದರೆ ಆಯ್ತಲ್ವಾ? ನ್ಯಾಪ್ರೊಕ್ಸೆನ್, ಸೆಲೆಕಾಕ್ಸಿಬ್ ಎರಡನ್ನೂ ಕೊಟ್ಟು ನೋಡಿದರು, ಕಾಯಿಲೆ ತಡೆಯಲಿಲ್ಲ. ಆ ಚುರುಕು ಆಮ್ಲಜನಕದ ಕಣಗಳನ್ನು ತಣಿಸುವ ವಿಟಮಿನ್ ಇ? ಸ್ವಲ್ಪ ಮರೆವು ಇದ್ದವರಲ್ಲಿ ಉಪಯೋಗವಿಲ್ಲ ಅಂತ 2005ರ ಪ್ರಯೋಗ ಹೇಳಿತು. ಕಾಯಿಲೆ ಬಂದಾದವರಲ್ಲಿ ದಿನನಿತ್ಯದ ಕೆಲಸಗಳು ಕೈಬಿಡುವುದು ಕೊಂಚ ನಿಧಾನವಾಯಿತು ಅಂತ 2014ರದು ಹೇಳಿತು, ಅದೂ ತುಂಬಾ ದೊಡ್ಡ ಡೋಸಿನಲ್ಲಿ. ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಅರಿಶಿನ ಕೇಳುವವರು ಇದ್ದೇ ಇರುತ್ತೀರಿ, ಎರಡನೇ ಸಾಲಿನಲ್ಲಿ ಆಗಲೇ ಕೈ ಎತ್ತಿದ್ದಾರೆ! ಸಾರಿಗೆ ಧಾರಾಳವಾಗಿ ಹಾಕಿ, ರುಚಿಯಾಗಿರುತ್ತದೆ. ಮರೆವು ಹೋಗುತ್ತದೆ ಅಂತ ದುಬಾರಿ ಕ್ಯಾಪ್ಸೂಲಿಗೆ ದುಡ್ಡು ಸುರಿಯಬೇಡಿ. ಆ ದುಡ್ಡಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಒಸಡಿನ ಕೀವು ತೆಗೆಸಿ, ಅದೂ ಸೋಂಕೇ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದಿಢೀರ್ ಬದಲಾವಣೆ ಅಂದರೆ ಹುಡುಕಿಸಿ. ಮೂತ್ರ ಒಂದೇ ಅಲ್ಲ. ನ್ಯುಮೋನಿಯಾ, ಸಕ್ಕರೆ ಇಳಿದಿರುವುದು, ನಾಲ್ಕು ದಿನದ ಮಲಬದ್ಧತೆ, ವಾರದ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಬಿದ್ದ ಏಟು, ಏನೂ ಇರಬಹುದು. ಬಾಯಿ ಸೊಟ್ಟಗಾಗಿದ್ದರೆ, ಕೈ ಸೋತಿದ್ದರೆ ಅದು ಪಾರ್ಶ್ವವಾಯು, ಒಂದು ನಿಮಿಷವೂ ಕಾಯುವ ಹಾಗಿಲ್ಲ. ಕೂಗಾಡುವವರನ್ನು ಹೇಗೋ ಆಸ್ಪತ್ರೆಗೆ ತರುತ್ತಾರೆ. ಸುಮ್ಮನೆ ಮಂಪರಿನಲ್ಲಿ ಮಲಗಿಬಿಡುವವರನ್ನು 'ಪಾಪ, ನಿದ್ದೆ ಮಾಡಲಿ' ಅಂತ ಬಿಡುತ್ತೇವೆ, ನನಗೆ ಅವರದೇ ಭಯ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತೆ. ನಿದ್ದೆ, ಬಿಪಿ, ಸಕ್ಕರೆ ಅಂತ ಬರೆದುಕೊಂಡು ಬಂದಿದ್ದೆ, ಅದನ್ನೆಲ್ಲ ಬಿಡುತ್ತೇನೆ. ಕಿವಿಯ ವಿಷಯ ಮಾತ್ರ ಹೇಳಲೇಬೇಕು. ಡಿಮೆನ್ಷಿಯಾಕ್ಕೆ ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಪಟ್ಟಿ ಮಾಡಿದೆ, ಅದರಲ್ಲಿ ಕಿವಿ ಕೇಳಿಸದಿರುವುದೂ ಒಂದು. ನಮ್ಮ ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಾವು ಪಕ್ಕದ ಸರಸ್ವತಿಪುರಂನಿಂದ ಹೋಗುವುದಿಲ್ಲ!

ಇನ್ನೊಂದು, ಮಾತ್ರೆಗಳು. ನೆಗಡಿ ಮಾತ್ರೆ, ತುರಿಕೆ ಮಾತ್ರೆ, ನಿದ್ದೆ ಮಾತ್ರೆ, ಪದೇಪದೇ ಮೂತ್ರಕ್ಕೆ ಹೋಗುವುದಕ್ಕೆ ಕೊಡುವ ಮಾತ್ರೆ, ಇವುಗಳಲ್ಲಿ ಹಲವು ಇಂಥ ಮಿದುಳನ್ನು ಇನ್ನಷ್ಟು ಗೊಂದಲಕ್ಕೆ ತಳ್ಳುತ್ತವೆ. ಮನೆಯಲ್ಲಿ ಇರುವುದನ್ನೆಲ್ಲ, ಪಕ್ಕದ ಮನೆಯವರು ಕೊಟ್ಟಿದ್ದನ್ನೂ ಸೇರಿಸಿ, ಒಂದು ಕವರಿಗೆ ಹಾಕಿ ನಿಮ್ಮ ಡಾಕ್ಟರಿಗೆ ತೋರಿಸಿ. ನೀವಾಗಿ ನಿಲ್ಲಿಸಬೇಡಿ. ಈಗ ಪ್ರಶ್ನೆ ಕೇಳಿ. ಅರಿಶಿನದವರು ಆಮೇಲೆ, ಮೊದಲು ಹಿಂದಿನ ಸಾಲಿನ ಆ ತಾಯಿ ಮಾತಾಡಲಿ, ಅವರಿಗೆ ಮೈಕ್ ಕೊಡಿ.