ಅಂಗಳಕ್ಕೆ ಬಂದ ಗಾಡಿಗೆ ಕರೆಂಟು, ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಧಾರವಾಡ, ಬೆಳಗಾವಿ ಕಡೆಯ ನೆಂಟರು ಗೋವಾಕ್ಕೆ ಬರುವುದು ನಮಗೆ ಹೊಸದಲ್ಲ. ಮೊದಲು ಬಸ್ಸು, ರೈಲಿನಲ್ಲಿ ಬರುತ್ತಿದ್ದರು. ಆಮೇಲೆ ಕಾರು ಬಂತು. ಈಗ ಕೆಲವರು ಕ್ಯಾಂಪರ್ ವ್ಯಾನ್ ತರುತ್ತಾರೆ. ಒಳಗೇ ಹಾಸಿಗೆ, ಒಲೆ, ಫ್ರಿಜ್, ಸಂಡಾಸು ಎಲ್ಲಾ ಇರುತ್ತದೆ. ಆದರೆ ಅದನ್ನು ಬೀಚ್ ಪಕ್ಕ ನಿಲ್ಲಿಸಿ ಬಯಲಲ್ಲಿ ಅಡುಗೆ ಮಾಡುವ ಹಾಗಿಲ್ಲ. 2019ರಲ್ಲಿ ಕಾನೂನು ತಿದ್ದಿದ ಮೇಲೆ ಅದಕ್ಕೆ ದಂಡ ಇದೆ. ಹಾಗಾಗಿ ಗಾಡಿ ನಮ್ಮ ಅಂಗಳಕ್ಕೆ ಬರುತ್ತದೆ. ಬರಲಿ, ಸಂತೋಷವೇ. ಬಂದ ಗಾಡಿಗೆ ಕರೆಂಟು, ನೀರು ಕೊಡಬೇಕಲ್ವಾ? ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ಮನೆ ಫೋಂಡಾದಲ್ಲಿದೆ. ಒಂದು ಮೇ ತಿಂಗಳ ಕೊನೆಗೆ ಧಾರವಾಡದಿಂದ ತಂಗಿ, ಭಾವ, ಅವರ ಮಗಳು ಇಂಥ ಗಾಡಿಯಲ್ಲಿ ಬಂದರು. ಮುಂದಿನ ಜಗಲಿಯಲ್ಲಿ, ಇಲ್ಲಿಯವರು ಬಲ್ಕಾಂವ್ ಅನ್ನುತ್ತಾರಲ್ಲ, ಅಲ್ಲಿ ಒಂದು ಪ್ಲಗ್ ಇತ್ತು. ಅದರಿಂದ ವೈರ್ ಎಳೆದು ಗಾಡಿಗೆ ಕೊಟ್ಟೆ. ಫ್ಯಾನ್ ತಿರುಗಿತು, ಲೈಟ್ ಹತ್ತಿತು. ರಾತ್ರಿ ಮಳೆ ಬಿತ್ತು. ಬೆಳಿಗ್ಗೆ ಹುಡುಗಿ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಗಾಡಿಯ ಬಾಗಿಲು ಹಿಡಿದಳು. "ಮಾಮಾ, ಕೈ ಜುಂ ಅಂತದ" ಅಂದಳು. ನಾನು ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿದೆ. ಆ "ಜುಂ" ಇನ್ನೂ ನನ್ನ ಕಿವಿಯಲ್ಲಿದೆ.

ಆಮೇಲೆ ಪ್ಲಗ್ ಬಿಚ್ಚಿ ನೋಡಿದರೆ ಮೂರನೆಯ ತೂತಿಗೆ, ಅಂದರೆ ಅರ್ಥಿಂಗ್ ತೂತಿಗೆ, ವೈರೇ ಇರಲಿಲ್ಲ. ಎಷ್ಟೋ ವರ್ಷ ಆ ಪ್ಲಗ್‌ನಲ್ಲಿ ಮೊಬೈಲ್ ಚಾರ್ಜ್ ಮಾಡಿದ್ದೆವು. ಏನೂ ಗೊತ್ತಾಗಿರಲಿಲ್ಲ.

ಗಾಡಿಗೆ ಈ ಮೂರನೆಯ ವೈರ್ ಯಾಕೆ ಅಷ್ಟು ಮುಖ್ಯ? ಗಾಡಿ ನಿಂತಿರುವುದು ರಬ್ಬರ್ ಟೈರ್ ಮೇಲೆ. ಅದರ ಲೋಹದ ಮೈಗೂ ಭೂಮಿಗೂ ಸಂಬಂಧವೇ ಇಲ್ಲ. ಒಳಗಿನ ಬ್ಯಾಟರಿ ಚಾರ್ಜರ್‌ನಂಥ ಸಾಧನಗಳಿಂದ ಸ್ವಲ್ಪ ಕರೆಂಟು ಮೈಗೆ ಸೋರುತ್ತದೆ. ಅದು ಅರ್ಥಿಂಗ್ ವೈರ್ ಹಿಡಿದು ಭೂಮಿಗೆ ಹೋಗಬೇಕು. ವೈರ್ ಇಲ್ಲದಿದ್ದರೆ ಗಾಡಿಯ ಮೈಯಲ್ಲೇ ಕಾದಿರುತ್ತದೆ, ಯಾರಾದರೂ ಮುಟ್ಟುವವರೆಗೆ. ನಮ್ಮ ಹುಡುಗಿಗೆ ತಾಗಿದ್ದು ಇಂಥ ಸಣ್ಣ ಸೋರಿಕೆ. ಕರೆಂಟು ತರುವ ಫೇಸ್ ವೈರೇ ಸವೆದು ಗಾಡಿಯ ಮೈಗೆ ತಾಗಿದ್ದರೆ ಪೂರ್ತಿ 230 ವೋಲ್ಟ್ ಹೊಡೆಯುತ್ತಿತ್ತು.

"ಎಂಸಿಬಿ ಇದೆಯಲ್ಲ, ಬೀಳುತ್ತದೆ" ಅಂತ ಹಲವರು ಧೈರ್ಯವಾಗಿರುತ್ತಾರೆ. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿ ಹರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಗೋವಾದ ನೆಲ ಹೆಚ್ಚಾಗಿ ಚಿರೆಕಲ್ಲಿನದು. ಬೇಸಿಗೆಯಲ್ಲಿ ಅದು ಒಣಗಿದರೆ ಅರ್ಥಿಂಗ್ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅರ್ಥಿಂಗ್ ವೈರ್ ಭೂಮಿಗೆ ಸೇರುವ ಗುಂಡಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಲ್ಲಿರುವ ಅಡ್ಡಿ, 20 ಓಮ್ ಇದೆ ಅಂತಿಟ್ಟುಕೊಳ್ಳಿ. ಫೇಸ್ ವೈರ್ ಗಾಡಿಯ ಮೈಗೆ ತಾಗಿದರೆ ಹರಿಯುವ ಕರೆಂಟು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ 11.5 ಆಂಪಿಯರ್. 16 ಆಂಪಿಯರ್ ಎಂಸಿಬಿ ಅದಕ್ಕೆ ಅಲುಗಾಡುವುದೂ ಇಲ್ಲ. ಗಾಡಿಯ ಮೈಯಲ್ಲಿ ಕರೆಂಟು ಹಾಗೇ ಇರುತ್ತದೆ. ಅದಕ್ಕೇ ಆರ್‌ಸಿಸಿಬಿ ಅನ್ನುವ ಇನ್ನೊಂದು ಸ್ವಿಚ್ ಬೇಕು. ಹೋದ ಕರೆಂಟು ಪೂರ್ತಿ ತಿರುಗಿ ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಅರ್ಥಿಂಗ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ. ಆದ್ದರಿಂದ ಎರಡೂ ಬೇಕು.

ನಾವು ಮಾಡಿಸಿದ್ದು ಹೀಗೆ. ಮೇನ್ ಬೋರ್ಡ್‌ನಿಂದ ಗಾಡಿಗಂತಲೇ ಬೇರೆ ಲೈನ್ ಎಳೆಸಿದೆವು. ಬೋರ್ಡ್‌ನಿಂದ ಗೇಟ್ ಪಕ್ಕದ ಗೋಡೆಗೆ 25 ಮೀಟರ್ ದೂರ. ಅಷ್ಟು ದೂರಕ್ಕೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿದೆವು, ತೆಳು ವೈರಿನಲ್ಲಿ ವೋಲ್ಟೇಜ್ ಇಳಿಯುತ್ತದೆ. 16 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ. ಹೊಸ ಅರ್ಥಿಂಗ್ ಗುಂಡಿ ತೋಡಿಸಿ ಪೈಪ್, ಇದ್ದಿಲು, ಉಪ್ಪು ಹಾಕಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತೇನೆ. ಗೋಡೆಯ ಮೇಲೆ ನೀಲಿ ಬಣ್ಣದ, ಮುಚ್ಚಳವಿರುವ ಇಂಡಸ್ಟ್ರಿಯಲ್ ಸಾಕೆಟ್ ಇದೆ. ನೀಲಿ ಅಂದರೆ 230 ವೋಲ್ಟ್‌ನದು. ನಮ್ಮ ಮಳೆಗೆ ಐಪಿ 67 ಅಂತ, ಅಂದರೆ ಧೂಳು, ನೀರು ಒಳಗೆ ಹೋಗದ ಗುರುತು, ಇರುವುದನ್ನೇ ಕೇಳಿ ತನ್ನಿ. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮುಗಿದ ಮೇಲೆ ಅರ್ಥಿಂಗ್ ಅಳೆದು ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತದೆ. ನೆಂಟರು ಬರುವ ದಿನ ಅದನ್ನು ಒತ್ತಿ ನೋಡಿ. ಬೀಳದಿದ್ದರೆ ಆ ಲೈನ್ ಕೊಡಬೇಡಿ.

ಅಮೆರಿಕದ ವಿಡಿಯೋ ನೋಡಿ 30, 50 ಆಂಪಿಯರ್ ಸಾಕೆಟ್ ಹುಡುಕಲು ಹೋಗಬೇಡಿ. ಅಲ್ಲಿಯದು 120 ವೋಲ್ಟ್ ಲೆಕ್ಕ, ಬೇರೆಯೇ ಪದ್ಧತಿ. ನಮ್ಮಲ್ಲಿ ಕಟ್ಟಿದ ಗಾಡಿಗೆ 16 ಆಂಪಿಯರ್ ಸಾಕು. ಅಂದರೆ 3680 ವ್ಯಾಟ್. ಒಂದು ಟನ್ ಎಸಿಗೆ ಸುಮಾರು 1200 ಹೋಗುತ್ತದೆ. ಇಂಡಕ್ಷನ್ ಒಲೆಗೆ 2000. ಮೇಲೆ ಕೆಟಲ್ ಹಾಕಿದರೆ ಜಾಸ್ತಿಯಾಗುತ್ತದೆ. ಇದನ್ನು ಬಂದವರಿಗೆ ಮೊದಲೇ ಹೇಳಿ. ಗಾಡಿಯ ಪ್ಲಗ್ ಯಾವ ಥರದ್ದು ಅಂತ ಅವರು ಊರು ಬಿಡುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಉದ್ದದ ಕೇಬಲ್ ತಂದಿದ್ದರೆ ಪೂರ್ತಿ ಬಿಚ್ಚಿ ಹಾಸಬೇಕು. ಸುತ್ತಿದ ಸುರುಳಿ ಬಿಸಿಯಾಗಿ ಕರಗುತ್ತದೆ.

ನೀರಿನದು ಸುಲಭ. ಟ್ಯಾಂಕಿನ ನಲ್ಲಿಯಿಂದ ಕುಡಿಯುವ ನೀರಿಗೆ ಆಗುವಂಥ ಪೈಪ್ ಹಾಕಿ ಗಾಡಿಯ ಟ್ಯಾಂಕ್ ತುಂಬಿಸಿದರೆ ಮುಗಿಯಿತು. ತೋಟಕ್ಕೆ ನೀರು ಬಿಡುವ ಹಳೆಯ ಪೈಪ್ ಬೇಡ. ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ ಹೋಗಲಿ, ಬಾವಿಯಿಂದ ದೂರ.

ಸಂಡಾಸಿನ ಡಬ್ಬಿಯ ವಿಷಯದಲ್ಲಿ ಮಾತ್ರ ಹುಷಾರು. ಕೆಲವರು ಅದಕ್ಕೆ ಫಾರ್ಮಾಲ್ಡಿಹೈಡ್ ಇರುವ ಔಷಧ ಹಾಕಿರುತ್ತಾರೆ. ಅದನ್ನು ನಮ್ಮ ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ ಅಲ್ಲಿ ಹೊಲಸು ಕರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ನಾವಂತೂ ಮನೆಯ ಬಾತ್‌ರೂಮೇ ಬಳಸಿ ಅನ್ನುತ್ತೇವೆ. ನೆಂಟರು ಅಂದಮೇಲೆ ಅದರಲ್ಲೇನಿದೆ?

ಗಾಡಿ ಮೂರು-ನಾಲ್ಕು ಟನ್ ತೂಗಬಹುದು. ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿಯ ಚಪ್ಪಡಿ ಮೇಲೆ ನಿಲ್ಲಿಸಬೇಡಿ. ತೆಂಗಿನ ಮರದ ಕೆಳಗೂ ಬೇಡ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಗಾಡಿಯ ತಲೆಗೆ ತಾಗುತ್ತದಾ ಅಂತ ಒಬ್ಬರು ಇಳಿದು ನೋಡಬೇಕು.

ಇನ್ನು ಜೋಡಿಸುವ ಕ್ರಮ. ಮೊದಲು ಎಂಸಿಬಿ ಇಳಿಸಿ. ಕೇಬಲನ್ನು ಗಾಡಿಗೆ ಹಾಕಿ, ಆಮೇಲೆ ಗೋಡೆಗೆ, ಕೊನೆಗೆ ಎಂಸಿಬಿ ಏರಿಸಿ. ಹೊರಡುವಾಗ ಇದರ ಉಲ್ಟಾ. ಎಂಸಿಬಿ ಇಳಿಸಿ, ಗೋಡೆಯದು ತೆಗೆದು, ಆಮೇಲೆ ಗಾಡಿಯದು. ಸಾಕೆಟ್ ಮುಚ್ಚಳ ತಿರುಗಿಸಿ ಬಿಗಿ ಮಾಡಿ. ಗಾಡಿಯ ಸುತ್ತ ಒಂದು ಸುತ್ತು ಹೋಗಿ ಪೈಪ್, ಕೇಬಲ್ ಏನೂ ನೇತಾಡುತ್ತಿಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಬುತ್ತಿ ಕೊಟ್ಟು ಕಳಿಸಿ. ಧಾರವಾಡದ ಕಡೆ ಹೋಗುವವರಾದರೆ ಕತ್ತಲಾಗುವ ಮೊದಲೇ ಅನ್ಮೋಡ್ ಘಾಟಿ ದಾಟುವ ಹಾಗೆ ಹೊರಡಲಿ.

ನಮಸ್ಕಾರ.